ಶುಕ್ರನ ಒಡಲ ಬೆಂಕಿ

ಸಂಜೆಯ ಬಾನಿನಲ್ಲಿ ತಣ್ಣಗೆ ಮಿನುಗುವ ಶುಕ್ರನ ನೆಲ ಸೀಸವನ್ನೂ ಕರಗಿಸುವಷ್ಟು ಕಾದಿದೆ. ದಟ್ಟ ಮೋಡಗಳ ಮುಸುಕಿನಿಂದ ಅದು ದೂರದರ್ಶಕಕ್ಕೆ ಕಾಣದು. 1990ರಲ್ಲಿ ಶುಕ್ರನನ್ನು ಸುತ್ತತೊಡಗಿದ ಅಮೆರಿಕದ ಮೆಗಲನ್ ನೌಕೆಯು ರೇಡಾರ್ ಅಲೆಗಳಿಂದ ಆ ಮುಸುಕನ್ನು ಭೇದಿಸಿ, ಸಹಸ್ರಾರು ಜ್ವಾಲಾಮುಖಿಗಳ ಚಿತ್ರಗಳನ್ನು ಕಳುಹಿಸಿತು. ಅವು ಸತ್ತ ಬೆಟ್ಟಗಳೋ, ಇನ್ನೂ ಉಸಿರಾಡುತ್ತಿರುವವೋ? ಉತ್ತರವು ಆ ಚಿತ್ರಗಳಲ್ಲೇ ಮೂವತ್ತು ವರ್ಷಕಾಲ ಅಡಗಿತ್ತು.

1991ರ ಫೆಬ್ರವರಿ ಹಾಗೂ ಅಕ್ಟೋಬರ್ ತಿಂಗಳ ಚಿತ್ರಗಳನ್ನು ವಿಜ್ಞಾನಿ ರಾಬರ್ಟ್ ಹೆರಿಕ್ ಹೋಲಿಸಿ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಾಟ್ ಪರ್ವತದ ಮಗ್ಗುಲಿನ ಜ್ವಾಲಾಮುಖವೊಂದು ಎಂಟೇ ತಿಂಗಳಲ್ಲಿ 2.2 ಚದರ ಕಿಲೋಮೀಟರಿನಿಂದ ಸುಮಾರು 4ಕ್ಕೆ ಹಿಗ್ಗಿ, ರೂಪವನ್ನೇ ಬದಲಿಸಿತ್ತು! ಮಾಟ್ ಎಂಬುದು ಈಜಿಪ್ಟಿನ ಸತ್ಯದೇವತೆಯ ಹೆಸರು. ಶುಕ್ರನ ಒಲೆ ಆರಿಲ್ಲವೆಂಬ ಸತ್ಯವು ಅವಳ ಮಗ್ಗುಲಿನಲ್ಲೇ ಹೊರಬಿದ್ದದ್ದು ಉಚಿತವಾಗಿದೆ.