ಕಾಲ್ಚೆಂಡಿನ ಅಭಿಮಾನಿಗಳೂ ಗುಂಡ್ಲುಪೇಟೆಯ ಮೇಷ್ಟ್ರೂ

ಅಭಿಮಾನಿ ಸಂಘವೆಂದರೆ ಏನೆಂಬುದನ್ನು ಚಾಮರಾಜನಗರ ಸೀಮೆಯ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಾ. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ಗಡಿಯಾಚೆ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯಲ್ಲಿಯೇ ಇದೆ. ಅಭಿಮಾನಿಗಳನ್ನೇ ದೇವರೆಂದು ಕರೆದ ಆ ಮಹನೀಯರ ಹೆಸರಿನಲ್ಲಿ ಊರೂರಿಗೂ ಸಂಘಗಳು ಹುಟ್ಟಿದ್ದವು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ರಸೀದಿ ಪುಸ್ತಕ, ವರ್ಷಕ್ಕೊಮ್ಮೆ ಅನ್ನಸಂತರ್ಪಣೆ, ಆಮೇಲೆ ಲೆಕ್ಕದ ವಿಷಯವಾಗಿ ಒಂದು ಜಗಳ, ಇವೆಲ್ಲವನ್ನೂ ನಾವು ಬಲ್ಲೆವು. ಆದರೆ ಕಾಲ್ಚೆಂಡಾಟದ ತಂಡವೊಂದಕ್ಕೆ ಅಭಿಮಾನಿಗಳ ಬಳಗವಿದೆ, ಅದರ ಕೆಲಸದಲ್ಲಿ ನಮ್ಮ ಗುಂಡ್ಲುಪೇಟೆಯ ನಿವೃತ್ತ ಶಿಕ್ಷಕರೊಬ್ಬರು ಹತ್ತು ವರ್ಷಕ್ಕೂ ಮೇಲ್ಪಟ್ಟು ತೊಡಗಿದ್ದಾರೆ ಎಂಬ ಸಂಗತಿ ಮಾತ್ರ ನಮಗೂ ಹೊಸದಾಗಿತ್ತು. ಹೆಸರು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಮೇಷ್ಟ್ರೆಂದೇ ಕರೆಯುತ್ತೇವೆ. ಊರಿನವರು ಕರೆಯುವುದೂ ಹಾಗೆಯೇ.

ಮೇಷ್ಟ್ರು ಹೈಸ್ಕೂಲು ಬಾಲಕರಾಗಿದ್ದಾಗ, 1967-68 ಹಾಗೂ 1968-69ರಲ್ಲಿ, ಮೈಸೂರು ರಾಜ್ಯದ ತಂಡವು ಸತತ ಎರಡು ಬಾರಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದಕ್ಕೂ ಹಿಂದೆ 1946-47ರಲ್ಲಿ, 1952-53ರಲ್ಲಿ ಗೆದ್ದದ್ದುಂಟು. ಬೆಂಗಳೂರಿನ ದಂಡು ಪ್ರದೇಶವು ಆ ಕಾಲದಲ್ಲಿ ಕಾಲ್ಚೆಂಡಾಟದ ತವರು. ಅಲ್ಲಿಯ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತಕ್ಕೆ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬರಿಗಾಲಿನಲ್ಲಿ ಆಡಿ ಲಂಡನ್ನಿನವರನ್ನು ಬೆರಗುಗೊಳಿಸಿದ ಅಹಮದ್ ಖಾನ್ ಅವರೂ ಬೆಂಗಳೂರಿನವರೇ. ನಮ್ಮ ಮೇಷ್ಟ್ರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಎಪ್ಪತ್ತರ ದಶಕ ಕಳೆದಂತೆ ರಾಜ್ಯದಲ್ಲಿ ಈ ಆಟದ ಕಳೆ ಕುಂದಿತು, ಕ್ರಿಕೆಟ್ಟು ಎಲ್ಲವನ್ನೂ ನುಂಗಿತು. ಆದರೂ ಮೇಷ್ಟ್ರ ಅಕ್ಕರೆ ಬತ್ತಲಿಲ್ಲ. 1986ರ ವಿಶ್ವಕಪ್ಪಿನ ಕಾಲಕ್ಕೆ ದೂರದರ್ಶನದ ಮುಂದೆ ರಾತ್ರಿಯೆಲ್ಲ ಜಾಗರಣೆ ಮಾಡಿ, ಬೆಳಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಮರಡೋನಾ ಕಥೆ ಹೇಳಿದವರು ಅವರು. "ಶಿವರಾತ್ರಿಗೂ ಇವರು ಇಷ್ಟು ಎಚ್ಚರ ಇದ್ದೋರಲ್ಲ" ಎಂದು ಅವರ ಶ್ರೀಮತಿಯವರು ಇಂದಿಗೂ ಹಾಸ್ಯ ಮಾಡುತ್ತಾರೆ.

2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡವನ್ನು ಜೆಎಸ್‌ಡಬ್ಲ್ಯೂ ಸಂಸ್ಥೆಯವರು ಕಟ್ಟಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ ನಡೆಯಿತು. ಒಂದಕ್ಕೊಂದು ಗೋಲಿನ ಸಮಬಲ. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಒಟ್ಟಿಗೆ ನಿಂತು ಹಾಡಿ ಕೂಗುತ್ತಿದ್ದ ಯುವಕರು ತಮ್ಮ ಬಳಗಕ್ಕೆ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. ತಂಡವು ಅಲ್ಲಿಂದ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡರೂ ಹೆಸರು ಹಾಗೆಯೇ ಉಳಿಯಿತು. ಮೊದಲ ವರ್ಷದಲ್ಲಿಯೇ ತಂಡ ಐ-ಲೀಗ್ ಗೆದ್ದದ್ದು ಈ ಬಳಗದ ಬೇರನ್ನು ಗಟ್ಟಿ ಮಾಡಿತೆನ್ನಬೇಕು.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗನೊಡನೆ ಮೇಷ್ಟ್ರು ಒಂದು ಪಂದ್ಯ ನೋಡಲು ಹೋದರು. ಅಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು ಕಡೆಯ ಏಳೆಂಟು ಹುಡುಗರು ಸಿಕ್ಕರು. ಪ್ರತಿ ಪಂದ್ಯಕ್ಕೂ ಒಂದು ವ್ಯಾನು ಮಾಡಿಕೊಂಡು ಬರುವುದು, ಟಿಕೇಟುಗಳನ್ನು ಒಟ್ಟಿಗೆ ಕೊಳ್ಳುವುದು, ಪಶ್ಚಿಮದ ಬ್ಲಾಕಿನಲ್ಲಿ ಒಂದೇ ಕಡೆ ನಿಲ್ಲುವುದು ಎಂದು ಮಾತಾಯಿತು. ಹಣದ ವಿಷಯ ಬಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. "ಲೆಕ್ಕ ಮೇಷ್ಟ್ರೇ ಇಟ್ಕೊಳ್ಲಿ" ಎಂದು ಒಬ್ಬ ಹೇಳಿದ. ಅಂದಿನಿಂದ ಮೇಷ್ಟ್ರು ಖಜಾಂಚಿ. ನೋಂದಣಿಯಿಲ್ಲ, ಬೋರ್ಡಿಲ್ಲ, ಇರುವುದು ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ ಮಾತ್ರ.

ಆ ಪುಸ್ತಕವನ್ನು ನಾವು ನೋಡಿದೆವು. ವ್ಯಾನಿನ ಬಾಡಿಗೆ, ಡೀಸೆಲ್ಲು, ಟೋಲು, ನಗಾರಿಯ ಚರ್ಮ ಬದಲಿಸಿದ್ದು, ಬಾವುಟದ ನೀಲಿ ಬಟ್ಟೆ, ಬಣ್ಣ, ಬಿದಿರು, ಮದ್ದೂರಿನಲ್ಲಿ ತಿಂಡಿ. ಯಾರು ಕೊಟ್ಟರು, ಯಾರದು ಬಾಕಿ ಎಂಬುದೆಲ್ಲ ದುಂಡಗಿನ ಅಕ್ಷರಗಳಲ್ಲಿದೆ. ಹಿಂದಿನ ಪ್ರಯಾಣದ ಲೆಕ್ಕವನ್ನು ಮುಂದಿನ ಪ್ರಯಾಣದಲ್ಲಿ ವ್ಯಾನು ನಂಜನಗೂಡು ದಾಟುವುದರೊಳಗೆ ಗಟ್ಟಿಯಾಗಿ ಓದಿ ಹೇಳಬೇಕೆಂಬುದು ಅವರು ಮಾಡಿದ ನಿಯಮ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ತಂಡಗಳಲ್ಲಿ ಅವರು ಕಲಿತದ್ದು ಇದು. ವ್ಯಾನಿನಲ್ಲಿ ಮದ್ಯ ಕೂಡದೆಂಬುದು ಎರಡನೆಯ ನಿಯಮ. ಇದರಿಂದಾಗಿ ಆರಂಭದಲ್ಲಿಯೇ ಇಬ್ಬರು ಬಿಟ್ಟುಹೋದರು. ಮೇಷ್ಟ್ರು ಕರೆಯಲು ಹೋಗಲಿಲ್ಲ. ಒಬ್ಬ ಹುಡುಗ ಕಂಸಾಳೆ ತಂದಿದ್ದ. ಅಂತಹ ಲೋಹದ ವಸ್ತುವನ್ನು ಕ್ರೀಡಾಂಗಣದೊಳಗೆ ಒಯ್ಯುವುದು ತರವಲ್ಲವೆಂದು ಮೇಷ್ಟ್ರು ಅದನ್ನು ವ್ಯಾನಿನಲ್ಲಿಯೇ ಇಡಿಸಿದರು. ಕಂಸಾಳೆಯ ಲಯಕ್ಕೆ ಹುಡುಗರು ಬರಿಗೈಯಿಂದಲೇ ಚಪ್ಪಾಳೆ ಹೊಂದಿಸಿಕೊಂಡರು.

ಇನ್ನೊಂದು ಸಂಗತಿ ವಾಚಕರಿಗೆ ಅಚ್ಚರಿ ತಂದೀತು. ಇಂತಹ ಬಳಗಗಳಲ್ಲಿ ಹಾಡು, ಘೋಷಣೆಗಳನ್ನು ಮುನ್ನಡೆಸುವಾತ ಜನರತ್ತ ಮುಖ ಮಾಡಿ, ಆಟಕ್ಕೆ ಬೆನ್ನು ಹಾಕಿ ನಿಲ್ಲುತ್ತಾನೆ. ತೊಂಬತ್ತು ನಿಮಿಷದಲ್ಲಿ ಅವನು ಕಾಣುವ ಆಟ ಅತ್ಯಲ್ಪ. ಗೋಲಾದದ್ದು ಅವನಿಗೆ ಎದುರಿನವರ ಮುಖದಿಂದ ತಿಳಿಯುತ್ತದೆ. ಬಾವುಟ ಕಟ್ಟುವವರು, ಟಿಕೇಟು ಹಂಚುವವರು, ತಡವಾಗಿ ಬರುವವನಿಗಾಗಿ ಬಾಗಿಲಲ್ಲಿ ಕಾಯುವವರು, ಇವರ ಪಾಡೂ ಹೆಚ್ಚು ಕಡಿಮೆ ಅದೇ. ಆಟವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವನೇ ಎಲ್ಲರಿಗಿಂತ ಕಡಿಮೆ ನೋಡುತ್ತಾನೆಂಬ ಈ ವಿಚಿತ್ರಕ್ಕೆ ಮೇಷ್ಟ್ರು ಕೊಡುವ ಉತ್ತರ ಸರಳ: "ಮದುವೆ ಮನೇಲಿ ಬಡಿಸೋರು ಮುಹೂರ್ತ ನೋಡ್ತಾರೆಯೇ?"

ಜನರಿಲ್ಲದ ಆಟ ಹೇಗಿರುತ್ತದೆಂಬುದನ್ನು ದೇಶವೇ 2018ರ ಜೂನ್‌ನಲ್ಲಿ ಕಂಡಿತು. ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಮಂದಿ. ಮರುದಿನ ನಾಯಕ ಸುನಿಲ್ ಚೆಟ್ರಿ, ನಮ್ಮನ್ನು ಬೈಯುವುದಕ್ಕಾದರೂ ಕ್ರೀಡಾಂಗಣಕ್ಕೆ ಬನ್ನಿ ಎಂಬರ್ಥದಲ್ಲಿ ಕೈಮುಗಿದು ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಟಿಕೇಟುಗಳೆಲ್ಲ ಮಾರಾಟವಾಗಿದ್ದವು.

ಇನ್ನು ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದ ವಿಷಯ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಷಿದ್ಧ. ವನ್ಯಮೃಗಗಳ ರಕ್ಷಣೆಗಾಗಿ ಮಾಡಿದ ಈ ಏರ್ಪಾಡನ್ನು ನಾವು ಒಪ್ಪುತ್ತೇವೆ. ಬೆಂಗಳೂರಿಗೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಪಂದ್ಯವಿದ್ದಾಗ ವಯನಾಡಿನ ಹಳದಿ ಅಂಗಿಯ ಅಭಿಮಾನಿಗಳು ಗುಂಪುಗುಂಪಾಗಿ ಈ ದಾರಿಯಲ್ಲಿಯೇ ಬರುತ್ತಾರೆ. ಅವರದು 'ಮಂಜಪ್ಪಡ' ಎಂಬ ಬಳಗ, ಹಳದಿ ಪಡೆ ಎಂದರ್ಥ. ಮಲಬಾರಿನವರ ಫುಟ್‌ಬಾಲ್ ಪ್ರೇಮವನ್ನು ಓಣಂ ಕಾಲಕ್ಕೆ ಅವರಿಗೆ ಚೆಂಡುಹೂ ಕಳಿಸುವ ನಮ್ಮ ರೈತರು ಚೆನ್ನಾಗಿ ಬಲ್ಲರು. ಪಂದ್ಯ ಮುಗಿಸಿ ಹಿಂದಿರುಗುವಾಗ ಕಾಡಿನ ಬಾಗಿಲು ಮುಚ್ಚಿರುತ್ತದೆ. ಬೆಳಗಿನ ಆರರವರೆಗೆ ಅವರು ಗುಂಡ್ಲುಪೇಟೆಯಲ್ಲಿಯೇ ಕಾಯಬೇಕು.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ಪಂದ್ಯ ಸಾಮಾನ್ಯವಾದುದಲ್ಲ. ಸೋತವರಿಗೆ ಮುಂದಿನ ಹಾದಿಯಿಲ್ಲ. ನಿಗದಿತ ಅವಧಿಯಲ್ಲಿ ಗೋಲಾಗದೆ ಹೆಚ್ಚುವರಿ ಆಟ ಶುರುವಾಯಿತು. 96ನೆಯ ನಿಮಿಷದಲ್ಲಿ ಫ್ರೀಕಿಕ್ ದೊರೆತಾಗ, ಕೇರಳದವರು ತಡೆಗೋಡೆ ಕಟ್ಟಿಕೊಳ್ಳುವ ಮೊದಲೇ ಚೆಟ್ರಿ ಚೆಂಡನ್ನು ಗೋಲಿಗೆ ಹೊಡೆದುಬಿಟ್ಟರು. ತೀರ್ಪುಗಾರರು ಗೋಲನ್ನು ಮನ್ನಿಸಿದರು. ಕೇರಳದ ತರಬೇತುದಾರ ವುಕೊಮನೋವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡರು. ಆಟ ಅಲ್ಲಿಗೇ ನಿಂತಿತು, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಕೇರಳದ ಕ್ಲಬ್ಬಿಗೆ ಫೆಡರೇಷನ್ ಆಮೇಲೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ನಿಯಮದ ಪ್ರಕಾರ ಚೆಟ್ರಿಯವರದು ತಪ್ಪೇ ಅಲ್ಲವೆಂದು ನಮ್ಮ ಹುಡುಗರು. ನ್ಯಾಯವೇ ಅಲ್ಲವೆಂದು ಅವರು. ಮೇಷ್ಟ್ರ ಅಭಿಪ್ರಾಯ ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ.

ಆ ರಾತ್ರಿ ಮೂರು ಗಂಟೆ ದಾಟಿದ ಮೇಲೆ ಮೇಷ್ಟ್ರ ವ್ಯಾನು ಗುಂಡ್ಲುಪೇಟೆ ತಲುಪಿದಾಗ ರಸ್ತೆಬದಿಯಲ್ಲಿ ಎರಡು ಕಾರುಗಳು ನಿಂತಿದ್ದವು. ಹಳದಿ ಅಂಗಿಯ ಹತ್ತು ಮಂದಿ ಹುಡುಗರು ಬಾಗಿಲು ತೆರೆದುಕೊಂಡು ಮೌನವಾಗಿ ಕುಳಿತಿದ್ದರು. ವ್ಯಾನಿನಲ್ಲಿದ್ದವರಲ್ಲಿ ಒಬ್ಬ ಕಿಟಕಿಯಿಂದ ಬಗ್ಗಿ ಅಣಕವಾಡಿದ. ಅತ್ತಲಿಂದಲೂ ಒಂದು ಮಾತು ಬಂತು. ಇಬ್ಬರು ಕೆಳಗಿಳಿದರು. ಅಂತಹ ಹೊತ್ತಿನಲ್ಲಿ ಏನೂ ಆಗಬಹುದು. ಕೊಲ್ಕತ್ತೆಯಲ್ಲಿ 1980ರ ಆಗಸ್ಟ್ 16ರಂದು ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಪಂದ್ಯದ ಗಲಭೆಯಲ್ಲಿ 16 ಜನ ಅಭಿಮಾನಿಗಳು ಪ್ರಾಣ ಕಳೆದುಕೊಂಡದ್ದನ್ನು ಮೇಷ್ಟ್ರು ಮರೆತವರಲ್ಲ. ಅವರು ವ್ಯಾನಿನಿಂದಿಳಿದು ನಡುವೆ ನಿಂತು ತಮ್ಮ ಹುಡುಗನ ಹೆಸರು ಹಿಡಿದು ಕರೆದು, "ಹೋಗಪ್ಪ, ನಿಮ್ಮ ಅಕ್ಕನ್ನ ಎಬ್ಬಿಸು. ಹತ್ತು ಜನಕ್ಕೆ ಕಾಫಿ ಇಡೋಕೆ ಹೇಳು" ಎಂದರು. ಅಕ್ಕನೆಂದರೆ ಮೇಷ್ಟ್ರ ಶ್ರೀಮತಿಯವರು. ಆ ಹುಡುಗನೇ ಸದ್ದಿಲ್ಲದೆ ಹೊರಟುಹೋದ. ಹಳದಿ ಅಂಗಿಯವರು ಮೊದಲು ಬೇಡವೆಂದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಮನೆಯ ಜಗಲಿಯಲ್ಲಿ ಕುಳಿತರು. ಕಾಫಿಯ ಜೊತೆಗೆ ಉಪ್ಪಿಟ್ಟೂ ಆಯಿತು. ಆ ಗೋಲಿನ ವಿಷಯವಾಗಿ ವಾದ ಮತ್ತೆ ಶುರುವಾಗಿ ಬೆಳಗಿನವರೆಗೂ ನಡೆಯಿತಾದರೂ ಯಾರೂ ಎದ್ದು ನಿಲ್ಲಲಿಲ್ಲ. ಆರು ಗಂಟೆಗೆ ಅವರು ಹೊರಟರು.

ಅದರ ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೇಷ್ಟ್ರ ಬಾಲ್ಯದ ಆ ಗೆಲುವಿನ ನಂತರ, 54 ವರ್ಷಗಳಿಗೆ! ಕ್ಲಬ್ಬಿನ ಗೋಲಿನ ಬಗ್ಗೆ ರಾತ್ರಿಯಿಡೀ ವಾದಿಸಿದ ಹುಡುಗರಲ್ಲಿ ಒಬ್ಬನಿಗೂ ಈ ಪಂದ್ಯವಿದೆಯೆಂಬುದೇ ತಿಳಿದಿರಲಿಲ್ಲ. ನಾಡಿನ ತಂಡಕ್ಕೆ ನಗಾರಿ ಬಾರಿಸುವವರಿಲ್ಲದೆ ಹೋದದ್ದು ಮೇಷ್ಟ್ರಿಗೆ ನೋವು ತಂದಿತು. ನಮಗೂ ಅದು ಸರಿಯೆನಿಸುವುದಿಲ್ಲ.

2025 ಈ ಅಭಿಮಾನಿಗಳ ಪಾಲಿಗೆ ಕೆಟ್ಟ ವರ್ಷ. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ವಿಜಯೋತ್ಸವಕ್ಕೆ ನೆರೆದ ಜನಸಂದಣಿಯ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಅದು ಬೇರೆ ಆಟ, ಬೇರೆ ಜನ ನಿಜ. ಆದರೆ ಹೆತ್ತವರಿಗೆ ಕ್ರೀಡಾಂಗಣವೆಲ್ಲ ಒಂದೇ. ಮೇಷ್ಟ್ರ ವ್ಯಾನಿನ ನಾಲ್ವರು ಹುಡುಗರ ಮನೆಗಳಲ್ಲಿ ಇನ್ನು ಹೋಗಕೂಡದೆಂದು ಅಪ್ಪಣೆಯಾಯಿತು. ಮೇಷ್ಟ್ರು ಒಂದೊಂದೇ ಮನೆಗೆ ಹೋಗಿ ಕುಳಿತು ಮಾತನಾಡಿದರು. ತಾವು ಯಾವ ಬಾಗಿಲಿನಿಂದ ಒಳಹೋಗುತ್ತೇವೆ, ಎಷ್ಟು ಮುಂಚೆ ಹೋಗುತ್ತೇವೆ, ಆಟ ಮುಗಿದ ಮೇಲೆ ಜನ ಕರಗುವವರೆಗೆ ಹೇಗೆ ಕಾಯುತ್ತೇವೆ ಎಂಬುದನ್ನೆಲ್ಲ ವಿವರಿಸಿದರು. ಮೂರು ಮನೆಯವರು ಒಪ್ಪಿದರು. ನಾಲ್ಕನೆಯ ಮನೆಯ ತಾಯಿ, "ನೀವು ದೊಡ್ಡೋರು ಮೇಷ್ಟ್ರೇ, ನಿಮ್ಮ ಮಾತು ಮೀರ್ತೀನಂತಲ್ಲ, ನನ್ನ ಎದೆ ಒಪ್ಪಲ್ಲ" ಎಂದರಂತೆ. ಮೇಷ್ಟ್ರು ಕೈಮುಗಿದು ಎದ್ದು ಬಂದರು. ನಮ್ಮ ದೃಷ್ಟಿಯಲ್ಲಿ ಆ ತಾಯಿಯದೂ ಸರಿಯೇ.

ಆಗಸ್ಟಿನಲ್ಲಿ ಇನ್ನೊಂದು ಪೆಟ್ಟು. ಐಎಸ್‌ಎಲ್ ಲೀಗಿನ ಭವಿಷ್ಯವೇ ಅನಿಶ್ಚಿತವಾದ ಕಾರಣ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಆರಂಭವಾಗಬೇಕಿದ್ದ ಪಂದ್ಯಗಳು ಆ ವರ್ಷ ಆರಂಭವಾಗಲೇ ಇಲ್ಲ. ತಂಡವನ್ನು ಮಾಲೀಕರು ಕಟ್ಟುತ್ತಾರೆ, ಬೇಡವಾದರೆ ನಿಲ್ಲಿಸುತ್ತಾರೆ. ಅಭಿಮಾನಿಯ ಕೈಯಲ್ಲಿ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ತಂಡವನ್ನು ಬೇರೆ ಊರಿಗೆ ಸಾಗಿಸಲು ಮಾಲೀಕರು ಹೊರಟಾಗ, ಅಭಿಮಾನಿಗಳು 2002ರಲ್ಲಿ ತಾವೇ ಹಣ ಕೂಡಿಸಿ ಅದೇ ಹೆಸರಿನ ಬೇರೊಂದು ತಂಡ ಕಟ್ಟಿದರು. ಜರ್ಮನಿಯಲ್ಲಿಯಂತೂ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರಲ್ಲಿಯೇ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂತಹದು ಸದ್ಯಕ್ಕೆ ಕನಸಿನ ಮಾತು.

ಆ ಋತುವಿಗೆಂದು ಮುಂಗಡವಾಗಿ ಕೂಡಿಸಿದ್ದ ವ್ಯಾನಿನ ಹಣ ಮೇಷ್ಟ್ರ ಬಳಿ ಉಳಿದಿತ್ತು. ದೀಪಾವಳಿಗೆ ಹುಡುಗರು ಊರಿಗೆ ಬಂದಾಗ ಎಲ್ಲರನ್ನೂ ಜಗಲಿಗೆ ಕರೆದು, ಲೆಕ್ಕ ಓದಿ, ಅವರವರ ಪಾಲನ್ನು ಅವರವರಿಗೆ ಹಿಂದಿರುಗಿಸಿ ಸಹಿ ಹಾಕಿಸಿಕೊಂಡರು. ತಾಯಿಯ ಅಪ್ಪಣೆಯಿಂದ ಮನೆಯಲ್ಲಿ ಉಳಿದಿದ್ದ ಆ ನಾಲ್ಕನೆಯ ಹುಡುಗ ಮಾತ್ರ ಹಣ ತೆಗೆದುಕೊಳ್ಳಲಿಲ್ಲ. "ಇರ್ಲಿ ಮೇಷ್ಟ್ರೇ, ನಗಾರಿಗೆ ಚರ್ಮ ಹಾಕಿಸ್ಬೇಕು" ಎಂದನಂತೆ. ಕೆಂಪು ಪುಸ್ತಕದ ಕೊನೆಯ ಪುಟದಲ್ಲಿ ಆ ಮೊತ್ತವನ್ನು ಅವನ ಹೆಸರಿನಲ್ಲಿಯೇ ಬರೆದಿಡಲಾಗಿದೆ.