ಡೀಸೆಲ್ ಎಂಜಿನ್ನಿನ ಹಲ್ಲುಪಟ್ಟಿ

ಹಿಟ್ಟಿನ ಗಿರಣಿಯ ಪಟ್ಟಿ ಹರಿದರೆ ಬೀಸುವ ಕೆಲಸ ನಿಲ್ಲುತ್ತದೆ. ಹೊಸ ಪಟ್ಟಿಯನ್ನು ತೊಡಿಸಿದೊಡನೆ ಗಿರಣಿ ಮೊದಲಿನಂತೆ ತಿರುಗುತ್ತದೆ. ಆದರೆ ಕೆಲವು ಡೀಸೆಲ್ ಕಾರುಗಳಲ್ಲಿ ಒಳಮೈಗೆ ಹಲ್ಲುಗಳಿರುವ ರಬ್ಬರಿನ ಪಟ್ಟಿಯೊಂದುಂಟು. ಓಡುವಾಗ ಅದು ಹರಿದರೆ ಕ್ಷಣಾರ್ಧದಲ್ಲಿ ಎಂಜಿನ್ನಿನ ಒಳಭಾಗಗಳೇ ಮುರಿಯುತ್ತವೆ. ಅದಕ್ಕೆ ಟೈಮಿಂಗ್ ಬೆಲ್ಟು ಎಂದು ಹೆಸರು.

ಇಂತಹ ಅನಾಹುತಕ್ಕೆ ಕಾರಣವೇನು? ಪಿಸ್ಟನ್ನು ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಉರಿದಾಗ ಕೆಳಗಿಳಿದು, ಹೊಗೆಯನ್ನು ಹೊರದೂಡುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುತ್ತದೆ. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡ ಅಷ್ಟರಲ್ಲಿ ಒಂದೇ ಸುತ್ತು ತಿರುಗಬೇಕು. ಕ್ರ್ಯಾಂಕ್ ದಂಡ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಅಂದಿನ ಪಶ್ಚಿಮ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ ಹೊರತಂದ ಗಾಲ್ಫ್ ಡೀಸೆಲ್ ಕಾರಿನಲ್ಲಿ ಗಾಳಿಯು ತನ್ನ ಗಾತ್ರದ ಸುಮಾರು 23ರಲ್ಲಿ ಒಂದು ಪಾಲಿಗೆ ಕುಗ್ಗುತ್ತಿತ್ತು. ಹೀಗೆ ಮೇಲೇರಿದ ಪಿಸ್ಟನ್ನಿನ ತಲೆಯ ಮೇಲೆ ಉಳಿಯುವ ಸ್ಥಳ ಅತ್ಯಲ್ಪ. ತೆರೆದ ಕವಾಟವೊಂದು ಅಲ್ಲಿ ಎದುರಾದರೆ ಪೆಟ್ಟು ತಪ್ಪದು.

ನಮ್ಮ ಹೊಲಗಳಲ್ಲಿ ಬಹುಕಾಲ ದುಡಿದ ಒಂಟಿ ಸಿಲಿಂಡರಿನ ಪಂಪುಸೆಟ್ಟುಗಳಲ್ಲಿ ಈ ಹೊಂದಾಣಿಕೆಯನ್ನು ಉಕ್ಕಿನ ಹಲ್ಲುಚಕ್ರಗಳು ಕಾಯುತ್ತವೆ. ಅವು ಸದ್ದು ಮಾಡುತ್ತವೆ, ಆದರೆ ಹರಿಯುವ ಭಯವಿಲ್ಲ. ರಬ್ಬರು ಪಟ್ಟಿ ಹಗುರ, ಅಗ್ಗ, ನಿಶ್ಶಬ್ದ. ಅದಕ್ಕೆ ತೆರುವ ಬೆಲೆಯೆಂದರೆ, ತಯಾರಕರು ಗೊತ್ತುಮಾಡಿದ ದೂರ ಕ್ರಮಿಸುವ ಮೊದಲೇ ಅದನ್ನು ಬದಲಾಯಿಸಬೇಕು.

ಗಾಲ್ಫ್ ಎಂಜಿನ್ನಿನಲ್ಲಿ ಇದೇ ಪಟ್ಟಿ ಇಂಧನ ಚಿಮ್ಮಿಸುವ ಪಂಪನ್ನೂ ತಿರುಗಿಸುತ್ತದೆ. ಆದ್ದರಿಂದ ಪಟ್ಟಿಯನ್ನು ಬಿಚ್ಚುವಾಗ ಕ್ರ್ಯಾಂಕ್, ಕ್ಯಾಮ್, ಪಂಪು ಈ ಮೂರೂ ಇದ್ದಲ್ಲಿಯೇ ಇರಬೇಕು. ಕಾರ್ಖಾನೆಯ ವಿಶೇಷ ಉಪಕರಣಗಳು ಮಾಡುವ ಮುಖ್ಯ ಕೆಲಸ ಇದೇ. ಇಷ್ಟನ್ನು ಅರಿತವನು ಅವುಗಳ ಬದಲು ಬೇರೆ ಸಾಧನಗಳನ್ನು ಹುಡುಕಿಕೊಳ್ಳಬಲ್ಲನು.

ಎಂಜಿನ್ನು ತಣ್ಣಗಿರಬೇಕು, ಬ್ಯಾಟರಿಯ ತಂತಿಯನ್ನು ಕಳಚಿರಬೇಕು. ಗ್ಲೋ ಪ್ಲಗ್ಗುಗಳನ್ನು ಬಿಚ್ಚಿದರೆ ಒಳಗಿನ ಒತ್ತಡ ಹೊರಹೋಗಿ ಎಂಜಿನ್ನು ಕೈಯಿಂದಲೇ ಸುಲಭವಾಗಿ ತಿರುಗುತ್ತದೆ. ಮೊದಲನೆಯ ಸಿಲಿಂಡರಿನ ಪಿಸ್ಟನ್ನು ತುತ್ತತುದಿಗೆ ಬಂದಾಗ ಫ್ಲೈವೀಲಿನ ಗುರುತು ಗೇರುಪೆಟ್ಟಿಗೆಯ ಕಿಂಡಿಯಲ್ಲಿ ಸರಿಹೊಂದುತ್ತದೆ. ಕ್ಯಾಮ್ ದಂಡದ ಹಿಂತುದಿಯಲ್ಲಿ ಅಡ್ಡಗೀರಿನಂತಹ ಸೀಳೊಂದುಂಟು. ಅದರ ದಪ್ಪಕ್ಕೆ ಸರಿಯಾಗಿ ಅರದಿಂದ ಉಜ್ಜಿದ ಉಕ್ಕಿನ ಪಟ್ಟಿಯನ್ನು ಸೀಳಿಗೆ ತೂರಿಸಿ, ಅದರ ಎರಡು ತುದಿಗಳ ಕೆಳಗೂ ಸಮಾನ ದಪ್ಪದ ತಗಡುಗಳನ್ನು ಇಟ್ಟರೆ ದಂಡ ಅಲುಗದು. ಪಂಪಿನ ಚಕ್ರದ ರಂಧ್ರಕ್ಕೆ ಬಿಗಿಯಾಗಿ ಕೂರುವ ಡ್ರಿಲ್ಲಿನ ಹಿಂಭಾಗವೇ ಸಾಕು. ಇವು ಸ್ಥಾನವನ್ನು ಕಾಯಲು ಮಾತ್ರ. ಇವುಗಳ ಆಧಾರದಿಂದ ಬೋಲ್ಟುಗಳನ್ನು ಬಿಚ್ಚಬಾರದು.

ಹಳೆಯ ಪಟ್ಟಿಗೂ ಚಕ್ರಗಳಿಗೂ ಬಿಳಿಯ ಬಣ್ಣದ ಗುರುತು ಹಾಕಿ, ಹಲ್ಲೆಣಿಸಿ ಅದನ್ನೇ ಹೊಸದಕ್ಕೆ ಇಳಿಸುವುದು ಹಲವರ ರೂಢಿ. ಒಳ್ಳೆಯ ರೂಢಿಯೇ; ಆದರೆ ಇಲ್ಲಿ ಅದೊಂದನ್ನೇ ನಂಬಲಾಗದು. ಈ ಎಂಜಿನ್ನಿನ ಕ್ಯಾಮ್ ಚಕ್ರವು ದಂಡದ ಇಳಿಜಾರಾದ ತುದಿಯ ಮೇಲೆ ಬಿಗಿತದಿಂದಲೇ ನಿಂತಿರುತ್ತದೆ. ಹೊಸ ಪಟ್ಟಿಯನ್ನು ತೊಡಿಸುವಾಗ ಅದನ್ನು ಸಡಿಲಿಸಿ, ಪಟ್ಟಿ ಬಿಗಿಯಾದ ಮೇಲೆ ಮತ್ತೆ ಬಿಗಿಯಬೇಕಾಗುತ್ತದೆ. ಹೊಸ ಪಟ್ಟಿಯನ್ನು ಮಡಿಸಲೂಬಾರದು, ಎಣ್ಣೆ ತಾಗಿಸಲೂಬಾರದು. ಅದರೊಳಗಿನ ಗಾಜಿನ ನಾರುಗಳು ಮಡಿಕೆಯಲ್ಲಿ ಮುರಿಯುತ್ತವೆ.

ಬಿಗಿತವನ್ನು ಅಳೆಯುವ ಮಾಪಕವಿಲ್ಲದಿದ್ದರೆ, ಕ್ಯಾಮಿಗೂ ಪಂಪಿಗೂ ನಡುವೆ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳುಗಳಿಂದ ತಿರುಚಿ ನೋಡಬೇಕು. ಸುಮಾರು 45 ಅಂಶದಷ್ಟು ತಿರುಗಿದರೆ ತತ್ಕಾಲಕ್ಕೆ ಸಾಕು.

ಕೀಲಿ ತಿರುಗಿಸಲು ಆತುರಪಡಬಾರದು. ಹಿಡಿಕೆಗಳನ್ನೆಲ್ಲ ತೆಗೆದು, ಕ್ರ್ಯಾಂಕ್ ದಂಡವನ್ನು ಸ್ಪ್ಯಾನರಿನಿಂದ ಅದು ಸಹಜವಾಗಿ ಸುತ್ತುವ ದಿಕ್ಕಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಗುರುತುಗಳೆಲ್ಲ ಮತ್ತೆ ಕೂಡಿಬಂದರೆ ಜೋಡಣೆ ಸರಿ. ನಡುವೆ ಗಟ್ಟಿಯಾದ ತಡೆ ಸಿಕ್ಕರೆ ಒತ್ತಾಯಿಸದೆ ನಿಲ್ಲಿಸಿ, ಮೊದಲಿನಿಂದ ಜೋಡಿಸಬೇಕು. ಕವಾಟ ತಾಗಿದ್ದು ಕೈಗೆ ತಿಳಿಯುತ್ತದೆ, ಸ್ಟಾರ್ಟರು ಮೋಟಾರಿಗೆ ತಿಳಿಯುವುದಿಲ್ಲ. ಪಂಪು ಇಂಧನ ಚಿಮ್ಮಿಸುವ ಕ್ಷಣವನ್ನು ಮಿಲಿಮೀಟರಿನ ನೂರರ ಪಾಲುಗಳಲ್ಲಿ ನೋಡಬೇಕಾಗುತ್ತದೆ. ಆ ಅಳತೆಗೆ ಮಾತ್ರ ಡಯಲ್ ಗೇಜು ಬೇಕೇಬೇಕು.