ಮರ ಕಡೆಯುವ ಯಂತ್ರ: ಅದರ ಸ್ಥಾಪನೆ ಮತ್ತು ಸುರಕ್ಷಿತ ಬಳಕೆ

ಕನ್ನಡದ ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಮಥಿಸುವುದೆಂಬ ಅರ್ಥವೂ, ಮರವನ್ನು ತಿರುಗಿಸಿ ಉಳಿಯಿಂದ ರೂಪಿಸುವುದೆಂಬ ಅರ್ಥವೂ ಉಂಟು. ಲಕ್ಕುಂಡಿಯ ಚಾಲುಕ್ಯ ದೇಗುಲಗಳಲ್ಲಿಯೂ, ಬೇಲೂರು-ಹಳೇಬೀಡುಗಳಲ್ಲಿಯೂ ಕಡೆದ ಕಂಬಗಳ ನುಣುಪನ್ನು ಕಂಡವರಿಗೆ ಈ ವಿದ್ಯೆಯ ಪ್ರಾಚೀನತೆಯನ್ನು ಬೇರೆ ಹೇಳಬೇಕಾಗಿಲ್ಲ. ಮನೆಯೊಳಗಿನ ತೊಟ್ಟಿಲು, ಮಂಚದ ಕಾಲು, ಲಟ್ಟಣಿಗೆ, ಬುಗುರಿ ಇವೆಲ್ಲ ಅದೇ ವಿದ್ಯೆಯ ಫಲಗಳು.

ಚನ್ನಪಟ್ಟಣದ ಕುಶಲಕರ್ಮಿಗಳು ಹಿಂದೆ ನೆಲದ ಮೇಲೆ ಕುಳಿತು, ಕಮಾನಿನ ಹುರಿಯಿಂದ ಹಾಲೆಮರದ ತುಂಡನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಆಟಿಕೆಗಳನ್ನು ಕಡೆಯುತ್ತಿದ್ದರು. ಆ ಸಾಧನದಲ್ಲಿ ಒಂದು ಸಹಜ ರಕ್ಷಣೆಯಿತ್ತು. ಉಳಿ ಮರಕ್ಕೆ ಕಚ್ಚಿಕೊಂಡರೆ ಕೈ ನಿಲ್ಲುತ್ತಿತ್ತು. ಕೈ ನಿಂತರೆ ಮರವೂ ನಿಲ್ಲುತ್ತಿತ್ತು. ವಿದ್ಯುತ್ ಮೋಟಾರಿಗೆ ಆ ವಿವೇಕವಿಲ್ಲ. ಮರವೇ ಸಿಕ್ಕಿಕೊಳ್ಳಲಿ, ಅಂಗಿಯ ತೋಳೇ ಸಿಕ್ಕಿಕೊಳ್ಳಲಿ, ಅದು ತಿರುಗುತ್ತಲೇ ಇರುತ್ತದೆ. ಆದುದರಿಂದ ಕಮಾನು ತಾನಾಗಿ ಒದಗಿಸುತ್ತಿದ್ದ ರಕ್ಷಣೆಯನ್ನು ಈಗ ನಾವು ಸ್ವಿಚ್ಚು ಒತ್ತುವುದಕ್ಕೆ ಮೊದಲೇ ಏರ್ಪಡಿಸಿಕೊಳ್ಳಬೇಕಾಗಿದೆ.

ಶಾಲೆಗಳಿಗೆ ಲೇತ್ ಯಂತ್ರವನ್ನು ದಾನವಾಗಿ ಕೊಡುವ ಮಹನೀಯರಲ್ಲಿ ಇಲ್ಲಿಯೇ ಒಂದು ವಿನಂತಿ. ಯಂತ್ರಕ್ಕೆ ಹಣ ಒದಗುತ್ತದೆ, ಪೂಜೆಯೂ ನಡೆಯುತ್ತದೆ. ಅದರ ಕೆಳಗಿನ ಕಾಂಕ್ರೀಟಿಗೆ, ಪಕ್ಕದ ಸಾಣೆಯಂತ್ರಕ್ಕೆ, ಹುಡುಗರ ಮುಖಕವಚಕ್ಕೆ ಹಣ ಒದಗುವುದಿಲ್ಲ. ಇವಿಲ್ಲದ ಲೇತನ್ನು ಎಚ್ಚರವುಳ್ಳ ಶಿಕ್ಷಕನು ಬಟ್ಟೆ ಹೊದಿಸಿ ಇಡುತ್ತಾನೆ, ಎಚ್ಚರವಿಲ್ಲದವನು ನಡೆಸುತ್ತಾನೆ. ಎರಡೂ ದಾನಿಗಳ ಉದ್ದೇಶವಲ್ಲ.

ಯಂತ್ರವನ್ನು ಗಟ್ಟಿಯಾದ ಕಾಂಕ್ರೀಟ್ ನೆಲದ ಮೇಲೆ ನೀರುಮಟ್ಟ ನೋಡಿ ಕೂರಿಸಿ, ಬೋಲ್ಟುಗಳಿಂದ ಬಿಗಿಯಬೇಕು. ಸಮತೋಲವಿಲ್ಲದ ಮರ ತಿರುಗುವಾಗ ಹಗುರವಾದ ಯಂತ್ರ ನಡೆದಾಡಲು ತೊಡಗುತ್ತದೆ. ಮರವನ್ನು ಹಿಡಿಯುವ ಎರಡು ಮೊನೆಗಳ ಎತ್ತರ, ನಿಂತವನ ಮೊಣಕೈ ಮಟ್ಟಕ್ಕೆ ಇರಬೇಕು. ದೊಡ್ಡವರ ಅಳತೆಗೆ ಕೂರಿಸಿದ ಯಂತ್ರದ ಮುಂದೆ ಎಂಟನೆಯ ತರಗತಿಯ ಹುಡುಗ ಭುಜವೆತ್ತಿ ನಿಂತರೆ ಉಳಿಯ ಮೇಲೆ ಅವನಿಗೆ ಹಿಡಿತವಿರದು. ಅವನಿಗೆ ಅಲುಗಾಡದ ಮರದ ಹಲಗೆಮಣೆಯೊಂದನ್ನು ಹಾಕಿಕೊಡಬೇಕು. ಬೆಳಕಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುವುದರಿಂದ, ಕೆಲವು ವೇಗಗಳಲ್ಲಿ ತಿರುಗುತ್ತಿರುವ ಭಾಗ ನಿಂತಂತೆಯೇ ತೋರುವುದುಂಟು. ಮಿನುಗದ ದೀಪವೊಂದು ಯಂತ್ರದ ಬಳಿಯಲ್ಲಿಯೇ ಇರಲಿ.

ಭೂಸಂಪರ್ಕ, ಬೆಲ್ಟಿನ ಮೇಲೆ ಮುಚ್ಚಳ, ಕೈಗೆಟುಕುವ ಕೆಂಪು ನಿಲುಗಡೆ ಗುಂಡಿ ಇವು ಅಗತ್ಯವೆಂದು ಎಲ್ಲರೂ ಬಲ್ಲರು. ಇವುಗಳೊಡನೆ ಕರೆಂಟು ಹೋದೊಡನೆ ತಾನಾಗಿ ಬಿಟ್ಟುಕೊಳ್ಳುವ ಸ್ವಿಚ್ಚು ಇರಲೇಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ನಾನು ಕೆಲಸ ಕಲಿಯುತ್ತಿದ್ದ ಕೇಂದ್ರವೊಂದರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸ್ವಿಚ್ಚನ್ನು ಆರಿಸುವುದು ಯಾರಿಗೂ ಹೊಳೆಯಲಿಲ್ಲ. ನಾನು ಬಾಗಿ ಅಳತೆ ನೋಡುತ್ತಿರುವಾಗ ಕರೆಂಟು ಮರಳಿತು. ಕ್ಯಾಲಿಪರು ಕೈಯಿಂದ ಕಿತ್ತು ಹೋಗಿ ಎದುರಿನ ಗೋಡೆಯ ಗಾರೆಯಲ್ಲಿ ನೆಟ್ಟುಕೊಂಡಿತು. ಹೆಬ್ಬೆರಳಿನ ಬುಡದ ಗಾಯದ ಗುರುತು ಇಂದಿಗೂ ಇದೆ. ಮೇಲೆ ಹೇಳಿದ ಸ್ವಿಚ್ಚಿದ್ದರೆ, ಕರೆಂಟು ಬಂದರೂ ಗುಂಡಿಯನ್ನು ಮತ್ತೆ ಒತ್ತುವವರೆಗೆ ಯಂತ್ರ ಹೊರಡುವುದಿಲ್ಲ.

ಇನ್ನು ವೇಗ. ಸಾಮಾನ್ಯವಾದ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಮೆಟ್ಟಿಲು ರಾಟೆಗಳಲ್ಲಿ ಬೆಲ್ಟನ್ನು ಬದಲಿಸಿ ಇದನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಗಮನಿಸಬೇಕಾದುದು ಸುತ್ತುಗಳ ಸಂಖ್ಯೆಯೊಂದನ್ನೇ ಅಲ್ಲ, ಮರದ ಅಂಚಿನ ವೇಗವನ್ನು. ನಿಮಿಷಕ್ಕೆ 3000 ಸುತ್ತಿನಲ್ಲಿ 5 ಸೆಂಟಿಮೀಟರ್ ವ್ಯಾಸದ ಲಟ್ಟಣಿಗೆಯ ಮೇಲ್ಮೈ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅದೇ ಸುತ್ತಿನಲ್ಲಿ 25 ಸೆಂಟಿಮೀಟರ್ ಬಟ್ಟಲಿನ ಅಂಚು 141 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ! ಅಷ್ಟೇ ಅಲ್ಲ, ಸುತ್ತು ಇಮ್ಮಡಿಯಾದರೆ ಮರವನ್ನು ಸಿಡಿಸುವ ಬಲ ನಾಲ್ಮಡಿಯಾಗುತ್ತದೆ. ಅಂಗುಲದಲ್ಲಿ ಅಳೆದ ವ್ಯಾಸವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕೆಂಬುದು ಕಡೆತಗಾರರ ರೂಢಿಯ ಲೆಕ್ಕ. ಕಲಿಯುವವರಿಗೆ ಕೆಳಗಿನ ಮಿತಿಯೇ ಸಾಕು: 2 ಅಂಗುಲಕ್ಕೆ 3000, 10 ಅಂಗುಲಕ್ಕೆ 600. ಇನ್ನೂ ದುಂಡಾಗದ ಒರಟು ತುಂಡಿಗೆ ಇದಕ್ಕಿಂತಲೂ ಬಹಳ ಕಡಿಮೆ ಇರಬೇಕು. ಬಿರುಕು, ಸಡಿಲ ಗಂಟು, ಹುದುಗಿದ ಮೊಳೆ ಇರುವ ಮರ ಒಲೆಗೆ ಯೋಗ್ಯವೇ ಹೊರತು ಲೇತಿಗಲ್ಲ.

ಮರವನ್ನು ಮೊನೆಗಳ ನಡುವೆ ಬಿಗಿದ ಮೇಲೆ, ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿ, ಅಂದರೆ ಟೂಲ್ ರೆಸ್ಟನ್ನು, ಮರಕ್ಕೆ ತಾಗದಂತೆ 3ರಿಂದ 6 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಬೇಕು. ಸ್ವಿಚ್ಚು ಒತ್ತುವ ಮೊದಲು ಮರವನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿ ನೋಡಬೇಕು. ಚಕ್ಕಿನ ಕೀಲಿ ಅದರಲ್ಲಿಯೇ ಉಳಿದಿಲ್ಲವಷ್ಟೆ? ಆ ಬಳಿಕ ಮರ ಸಿಡಿಯಬಹುದಾದ ನೇರದಿಂದ ಪಕ್ಕಕ್ಕೆ ಸರಿದು ನಿಂತು ಯಂತ್ರವನ್ನು ಹೊರಡಿಸಬೇಕು. ಕಡೆದಂತೆಲ್ಲ ಮರ ಸಣ್ಣದಾಗಿ ಅಂತರ ಹೆಚ್ಚುತ್ತದೆ. ಯಂತ್ರವನ್ನು ನಿಲ್ಲಿಸಿಯೇ ಟೂಲ್ ರೆಸ್ಟನ್ನು ಹತ್ತಿರಕ್ಕೆ ಸರಿಸಬೇಕು. ಉಳಿ ಮೊದಲು ಟೂಲ್ ರೆಸ್ಟನ್ನು ಮುಟ್ಟಬೇಕು, ಆಮೇಲೆ ಮರವನ್ನು. ಈ ಕ್ರಮ ತಪ್ಪಿದರೆ ಮರ ಉಳಿಯನ್ನು ರೆಸ್ಟಿಗೆ ಬಡಿದು ಕೈಯಿಂದ ಕಿತ್ತುಕೊಳ್ಳುತ್ತದೆ. ಉಳಿಯ ಸಾಣೆ ಹಿಡಿದ ಇಳಿಜಾರು ಭಾಗವನ್ನು ಮರದ ಮೇಲೆ ಸವರುತ್ತಿದ್ದು, ಹಿಡಿಯನ್ನು ಮೆಲ್ಲನೆ ಎತ್ತಿದರೆ ಅಲಗು ತಾನಾಗಿ ಸಿಪ್ಪೆ ತೆಗೆಯುತ್ತದೆ. ಬಲಪ್ರಯೋಗ ಬೇಕಾಯಿತೆಂದರೆ ಉಳಿ ಮೊಂಡಾಗಿದೆ ಎಂದೇ ಅರ್ಥ. ಸಾಣೆಯಂತ್ರವಿಲ್ಲದೆ ಲೇತ್ ಬೇಡವೆಂದು ನಾನು ಹೇಳುವುದು ಇದಕ್ಕಾಗಿಯೇ. ಒರಟು ಕೆಲಸದ ಅಗಲವಾದ ಗೌಜ್ ಉಳಿಯನ್ನು ಎರಡು ಮೊನೆಗಳ ನಡುವಿನ ಉದ್ದನೆಯ ಮರಕ್ಕೆ ಮಾತ್ರ ಬಳಸಬೇಕು. ಅದರ ಹಿಡಿಯೊಳಗಿನ ಬಾಲ ಸಪೂರವಾದುದರಿಂದ ಬಟ್ಟಲು ತೋಡಲು ಹೋದರೆ ಮುರಿಯುವ ಭಯವಿದೆ.

ಉಡುಪು ಮೈಗೆ ಅಂಟಿದಂತಿರಬೇಕು. ಉಂಗುರ, ಗಡಿಯಾರ, ಕೈದಾರಗಳನ್ನು ಕಳಚಿಡಬೇಕು. ಜಡೆಯನ್ನು ಎತ್ತಿ ಕಟ್ಟಬೇಕು. ದುಪ್ಪಟ್ಟ ಧರಿಸಿ ಯಂತ್ರದ ಬಳಿ ಸುಳಿಯಬಾರದು. ನಮ್ಮ ಮಕ್ಕಳಲ್ಲಿ ಅನೇಕರು ಕೊರಳಲ್ಲಿ ಶಿವದಾರ ಧರಿಸಿರುತ್ತಾರೆ. ಅದನ್ನು ತೆಗೆಯಿರೆಂದು ಹೇಳುವ ಪ್ರಸಂಗವೇ ಬರಬಾರದು: ಬನಿಯನ್ನಿನ ಒಳಗೆ ಸೇರಿಸಿ, ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿ, ಬೆನ್ನ ಹಿಂದೆ ಕಟ್ಟುವ ದಪ್ಪ ಮೇಲಂಗಿಯನ್ನು ತೊಟ್ಟರೆ ಸಾಕು. ಕೈಗವಸು ರಕ್ಷಣೆಯೆಂದು ತೋರಿದರೂ ಲೇತಿನ ಮುಂದೆ ಅದು ಬಲೆಯೇ. ಬೆರಳು ತುದಿ ಸಿಕ್ಕರೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕವೊಂದೇ ಸಾಲದು, ಪೂರ್ಣ ಮುಖಕವಚ ಬೇಕು.

ಉಜ್ಜುಕಾಗದ ಹಿಡಿಯುವ ಮುನ್ನ ಟೂಲ್ ರೆಸ್ಟನ್ನು ತೆಗೆದಿಡಬೇಕು. ಇಲ್ಲದಿದ್ದರೆ ಬೆರಳು ಅದರ ಸಂದಿಗೆ ಸಿಕ್ಕೀತು. ಈ ಹಂತದಲ್ಲಿಯೇ ದೂಳು ಹೆಚ್ಚು. ಮರದ ದೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ವರ್ಗೀಕರಿಸಿದೆ. ಬೀಟೆಯ ದೂಳಿನಿಂದ ಕೆಲವರಿಗೆ ಚರ್ಮದ ತುರಿಕೆಯೂ ಬರುತ್ತದೆ. ಮೂಗು-ಬಾಯಿಗೆ ಮುಸುಕು ಇರಲಿ, ಕಿಟಕಿ ತೆರೆದಿರಲಿ.

ಕೊನೆಯದು ಬಣ್ಣ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಅಂಟಿಕೊಳ್ಳುತ್ತದೆ. ಚನ್ನಪಟ್ಟಣದವರು ಅದಕ್ಕೆ ಹೊಳಪು ಕೊಡುವುದು ಕೇದಗೆ ಜಾತಿಯ ಗಿಡದ ಒಣಗಿದ ಗರಿಯಿಂದ. ಬಟ್ಟೆಯಾಗಿದ್ದರೆ ಮರಕ್ಕೆ ಸುತ್ತಿಕೊಂಡು ಬೆರಳನ್ನೂ ಎಳೆಯುತ್ತಿತ್ತು. ಗರಿಯಾದರೋ ಸಿಕ್ಕಿದ ಕಡೆಯಲ್ಲಿ ಹರಿದುಹೋಗುತ್ತದೆ.